ಕಣ್ಣಿಗೆ ಕಾಣದ ಊನ, ಕೈಗೆ ಸಿಗದ ಮಾಸಾಶನ

ಚಿಂತೆಯಿಲ್ಲದವನಿಗೆ ಸಂತೆಯಲ್ಲೂ ನಿದ್ರೆ ಎಂಬುದು ನಮ್ಮ ಹಿರಿಯರ ಗಾದೆ. ಸಂತೆಯ ಗದ್ದಲವೆಲ್ಲ ಅಡಗಿದ ನಡುರಾತ್ರಿಯಲ್ಲಿ, ಮನೆಮಂದಿ ಮಲಗಿರುವಾಗ, ಕಣ್ಣೆವೆ ಮುಚ್ಚದೆ ಗೋಡೆಯೊಡನೆ ಮಾತನಾಡುತ್ತ ಕುಳಿತಿರುವವನ ಪಾಡೇನು? ಅವನ ಪಕ್ಕದ ಕೋಣೆಯಲ್ಲಿ ನಿದ್ರೆಯ ನಟನೆ ಮಾಡುತ್ತ ಸೆರಗಿನಲ್ಲಿ ಕಣ್ಣೊರೆಸಿಕೊಳ್ಳುವ ತಾಯಿಯ ಪಾಡೇನು? ಇದಕ್ಕೆ ಆ ಗಾದೆಯಲ್ಲಿ ಉತ್ತರವಿಲ್ಲ. ಇಂತಹ ಮನೆಗಳು ಪ್ರತಿ ಊರಿನಲ್ಲಿಯೂ ಇವೆ. ನಾವು ಅವುಗಳ ಮುಂದೆ ಹಾದುಹೋಗುತ್ತೇವೆ, ಆದರೆ ಒಳಗಿನ ನೋವನ್ನು ಕಾಣುವುದಿಲ್ಲ. ಕಂಡರೂ ಮಾತನಾಡುವುದಿಲ್ಲ. ಈ ತಿಂಗಳು ಆ ಮೌನವನ್ನು ಸ್ವಲ್ಪ ಮುರಿಯಬೇಕೆಂದು ನಮಗೆ ತೋರಿದೆ.

ಬಾಣಾವರ ನಮ್ಮ ಓದುಗರಲ್ಲಿ ಅನೇಕರಿಗೆ ಪರಿಚಿತವಾದ ಊರು. ಅರಸೀಕೆರೆ ತಾಲ್ಲೂಕಿನ ಹೋಬಳಿ ಕೇಂದ್ರ. ಬೆಂಗಳೂರಿನಿಂದ ಹುಬ್ಬಳ್ಳಿಯ ಕಡೆಗೆ ಹೋಗುವ ರೈಲು ಅರಸೀಕೆರೆಯನ್ನು ದಾಟಿ ಕಡೂರನ್ನು ಮುಟ್ಟುವ ಮೊದಲು ಸಿಗುವ ನಿಲ್ದಾಣ. ಇಲ್ಲಿಂದ ಜಾವಗಲ್ಲಿನ ಮೂಲಕ ಹಳೇಬೀಡು, ಬೇಲೂರುಗಳಿಗೆ ದಾರಿ ಹೊರಳುತ್ತದೆ. ತೆಂಗು, ರಾಗಿ, ಒಂದಿಷ್ಟು ಹೈನು, ಇವೇ ಸುತ್ತಣ ಹಳ್ಳಿಗಳ ಬದುಕು. ಮಳೆ ಕೈಕೊಟ್ಟರೆ ಕೆರೆ ಬತ್ತುತ್ತದೆ, ಕೊಬ್ಬರಿಯ ಬೆಲೆ ಬಿದ್ದರೆ ಮನೆ ಬಡವಾಗುತ್ತದೆ. ಆ ಕಷ್ಟಗಳನ್ನು ಜಗಲಿಯಲ್ಲಿ ಕುಳಿತು ನಾಲ್ಕು ಜನರೊಡನೆ ಹೇಳಿಕೊಳ್ಳಬಹುದು. ಮನೆಯ ಮಗನಿಗೆ ಮನಸ್ಸಿನ ಕಾಯಿಲೆ ಬಂದಿದೆ ಎಂಬುದನ್ನು ಮಾತ್ರ ಯಾರೂ ಜಗಲಿಯಲ್ಲಿ ಹೇಳುವುದಿಲ್ಲ.

ನಾವು ಬಲ್ಲ ಒಂದು ಮನೆ

ಆ ಕಡೆಯ ಒಂದು ಹಳ್ಳಿಯಲ್ಲಿ ನಾವು ಬಲ್ಲ ಸಂಸಾರವೊಂದಿದೆ. ಹೆಸರು ಬೇಡ. ಹಿರಿಯ ಮಗ ಓದಿನಲ್ಲಿ ಚುರುಕು, ಕಾರ್ಖಾನೆಯ ಕೆಲಸಕ್ಕೆಂದು ಬೆಂಗಳೂರು ಸೇರಿದವನು. ಇಪ್ಪತ್ತೆರಡು ತುಂಬುವ ಹೊತ್ತಿಗೆ ಹೇಳದೆ ಕೇಳದೆ ಊರಿಗೆ ಹಿಂತಿರುಗಿದ. ಯಾರೋ ತನ್ನನ್ನು ಹಿಂಬಾಲಿಸುತ್ತಿದ್ದಾರೆ ಎಂದ. ಊಟದಲ್ಲಿ ಏನೋ ಬೆರೆಸಿದ್ದಾರೆ ಎಂದು ತಟ್ಟೆ ನೂಕಿದ. ಸ್ನಾನ ಬಿಟ್ಟ, ಮಾತು ಬಿಟ್ಟ. ಮೊದಲ ವರ್ಷ ದೃಷ್ಟಿಯೆಂದರು, ಎರಡನೆಯ ವರ್ಷ ಮಾಟವೆಂದರು. ತಾಯತ, ಹರಕೆ, ದೂರದ ಕ್ಷೇತ್ರಗಳ ಯಾತ್ರೆ ಎಲ್ಲವೂ ನಡೆದವು. ಇದರ ನಡುವೆ ತಂಗಿಯ ಮದುವೆಯ ಮಾತು ಬಂದಿತು. ಬೀಗರಿಗೆ ತಿಳಿಯಬಾರದೆಂದು ಹುಡುಗನನ್ನು ಸೋದರಮಾವನ ತೋಟದ ಮನೆಯಲ್ಲಿ ಇರಿಸಿದರು. ಚಿಕಿತ್ಸೆ ಆರಂಭವಾಗಬೇಕಿದ್ದ ಅಮೂಲ್ಯ ವರ್ಷಗಳು ಹೀಗೆ ಬಚ್ಚಿಡುವುದರಲ್ಲಿಯೇ ಕಳೆದುಹೋದವು.

ತಂದೆ ತೀರಿಕೊಂಡ ಮೇಲೆ ತಾಯಿಗೆ ಉಳಿದದ್ದು ಒಂದೇ ಪ್ರಶ್ನೆ: ನನ್ನ ನಂತರ ಇವನಿಗಾರು? ಯಾರದೋ ಸಲಹೆಯಂತೆ ಆಕೆ ಮಗನಿಗೆ ಅಂಗವಿಕಲರ ಮಾಸಾಶನ ಕೇಳಲು ಕಚೇರಿಯೊಂದಕ್ಕೆ ಹೋದರು. ಅಲ್ಲಿದ್ದವರು ಹುಡುಗನನ್ನು ಮೇಲಿಂದ ಕೆಳಗಿನವರೆಗೆ ನೋಡಿ, "ಕೈಕಾಲು ನೆಟ್ಟಗಿವೆಯಲ್ಲಮ್ಮ, ಇವನಿಗೇಕೆ ಮಾಸಾಶನ?" ಎಂದು ಕೇಳಿದರಂತೆ. ತಾಯಿ ಮರುಮಾತಾಡದೆ ಮನೆಗೆ ಬಂದರು. ಮುಂದೆ ಎರಡು ವರ್ಷ ಯಾವ ಕಚೇರಿಯ ಮೆಟ್ಟಿಲನ್ನೂ ಹತ್ತಲಿಲ್ಲ.

ಆ ಪ್ರಶ್ನೆ ಕೇಳಿದವರು ಕ್ರೂರಿಗಳಲ್ಲ. ಅಂಗವೈಕಲ್ಯವೆಂದರೆ ಕಣ್ಣಿಗೆ ಕಾಣುವ ಊನ ಎಂದೇ ನಾವೆಲ್ಲರೂ ತಿಳಿದು ಬೆಳೆದವರು. ಆದರೆ ನಾಡಿನ ಕಾನೂನು ಹಾಗೆ ತಿಳಿದಿಲ್ಲ.

ಕಾನೂನು ಏನನ್ನುತ್ತದೆ?

೧೯೯೫ರಲ್ಲಿ ಸಂಸತ್ತು ಅಂಗವಿಕಲರಿಗಾಗಿ ಮಾಡಿದ ಅಧಿನಿಯಮದಲ್ಲಿ ಏಳು ಬಗೆಯ ವೈಕಲ್ಯಗಳನ್ನು ಹೆಸರಿಸಲಾಗಿತ್ತು. ಅವುಗಳಲ್ಲಿ ಮಾನಸಿಕ ಅಸ್ವಸ್ಥತೆಯೂ ಒಂದು. ಆ ಕಾನೂನಿನ ಸ್ಥಾನದಲ್ಲಿ ಬಂದ ೨೦೧೬ರ ವಿಕಲಚೇತನರ ಹಕ್ಕುಗಳ ಅಧಿನಿಯಮ ಈ ಪಟ್ಟಿಯನ್ನು ಇಪ್ಪತ್ತೊಂದಕ್ಕೆ ಏರಿಸಿತು. ಅದರಲ್ಲಿಯೂ ಮಾನಸಿಕ ಅಸ್ವಸ್ಥತೆಗೆ ಸ್ಥಾನವಿದೆ. ಯೋಚನೆ, ಭಾವ, ಗ್ರಹಿಕೆ, ನೆನಪುಗಳು ತೀವ್ರವಾಗಿ ಕದಡಿ, ವಾಸ್ತವವನ್ನು ಗುರುತಿಸುವ ಅಥವಾ ದಿನನಿತ್ಯದ ಬದುಕನ್ನು ನಡೆಸುವ ಶಕ್ತಿ ಕುಂದಿದರೆ ಅದು ವೈಕಲ್ಯವೆಂದು ಕಾನೂನು ಒಪ್ಪುತ್ತದೆ. ಸ್ಕಿಜೋಫ್ರೇನಿಯಾ, ಉನ್ಮಾದ ಮತ್ತು ಖಿನ್ನತೆಗಳು ಸರದಿಯಂತೆ ಬರುವ ಬೈಪೋಲಾರ್ ಕಾಯಿಲೆ, ತೀವ್ರ ಖಿನ್ನತೆ, ಬಿಡದೆ ಕಾಡುವ ಗೀಳುರೋಗ ಮುಂತಾದವು ಈ ಮಟ್ಟವನ್ನು ಮುಟ್ಟಬಲ್ಲವು.

ಇಲ್ಲಿ ಒಂದು ಗೊಂದಲವನ್ನು ಬಿಡಿಸಬೇಕು. ಬುದ್ಧಿಯ ಬೆಳವಣಿಗೆ ಬಾಲ್ಯದಿಂದಲೇ ಕುಂಠಿತವಾಗಿರುವುದು ಬೇರೆ, ಚೆನ್ನಾಗಿ ಬೆಳೆದು ಓದಿ ದುಡಿಯುತ್ತಿದ್ದವರಿಗೆ ನಡುವೆ ಮನೋರೋಗ ತಗಲುವುದು ಬೇರೆ. ಕಾನೂನು ಇವೆರಡನ್ನೂ ಬೇರೆಬೇರೆಯಾಗಿ ಎಣಿಸುತ್ತದೆ. ಅರ್ಜಿ ಬರೆಯುವಾಗ ಇವೆರಡನ್ನು ಬೆರೆಸಿದರೆ ಮುಂದೆ ತೊಡಕಾಗುತ್ತದೆ.

ಲೆಕ್ಕಕ್ಕೆ ಬಾರದವರು

೨೦೧೧ರ ಜನಗಣತಿಯಂತೆ ಕರ್ನಾಟಕದಲ್ಲಿದ್ದ ವಿಕಲಚೇತನರು ೧೩,೨೪,೨೦೫ ಮಂದಿ. ಅವರಲ್ಲಿ ಮಾನಸಿಕ ಅಸ್ವಸ್ಥರೆಂದು ಬರೆಸಿಕೊಂಡವರು ಕೇವಲ ೨೦,೯೧೩. ನೂರಕ್ಕೆ ಇಬ್ಬರೂ ಇಲ್ಲ. ಇದೇ ನಿಜವಾಗಿದ್ದರೆ ನಾವೆಲ್ಲ ಸಂತೋಷಪಡಬಹುದಿತ್ತು. ಆದರೆ ಬೆಂಗಳೂರಿನ ನಿಮ್ಹಾನ್ಸ್ ಸಂಸ್ಥೆಯ ನೇತೃತ್ವದಲ್ಲಿ ೨೦೧೫-೧೬ರಲ್ಲಿ ಹನ್ನೆರಡು ರಾಜ್ಯಗಳಲ್ಲಿ ನಡೆದ ರಾಷ್ಟ್ರೀಯ ಮಾನಸಿಕ ಆರೋಗ್ಯ ಸಮೀಕ್ಷೆ ಬೇರೆಯ ಚಿತ್ರವನ್ನು ಕೊಟ್ಟಿತು. ವಯಸ್ಕರಲ್ಲಿ ನೂರಕ್ಕೆ ಹತ್ತಕ್ಕಿಂತ ಹೆಚ್ಚು ಮಂದಿಗೆ ಒಂದಿಲ್ಲೊಂದು ಮಾನಸಿಕ ತೊಂದರೆ ಇದ್ದುದು, ಅವರಲ್ಲಿ ಬಹುಪಾಲು ಜನ ಚಿಕಿತ್ಸೆಯನ್ನೇ ಪಡೆಯದೆ ಇದ್ದುದು ಅದರಿಂದ ತಿಳಿಯಿತು. ಇವರೆಲ್ಲರೂ ವಿಕಲಚೇತನರಲ್ಲ, ನಿಜ. ಹೆಚ್ಚಿನವರದು ಚಿಕಿತ್ಸೆಯಿಂದ ಹತೋಟಿಗೆ ಬರುವ ತೊಂದರೆ. ಆದರೂ ಈ ಎರಡು ಲೆಕ್ಕಗಳ ನಡುವಣ ಅಂತರ ಸಣ್ಣದಲ್ಲ. ಗಣತಿಯವರು ಬಾಗಿಲಿಗೆ ಬಂದಾಗ ಕುಂಟುವ ಮಗನನ್ನು ಬರೆಸಿದ ತಂದೆತಾಯಿಗಳು ಮನಸ್ಸು ಕದಡಿದ ಮಗನನ್ನು ಬರೆಸಲಿಲ್ಲ ಎಂದೇ ನಾವು ತಿಳಿಯಬೇಕಾಗುತ್ತದೆ.

ಮುಂದುವರಿದ ದೇಶಗಳಲ್ಲಿ ಸ್ಥಿತಿ ಇದಕ್ಕೆ ವಿರುದ್ಧವಾಗಿದೆ. ಶ್ರೀಮಂತ ರಾಷ್ಟ್ರಗಳ ಆರ್ಥಿಕ ಸಹಕಾರ ಸಂಸ್ಥೆ ೨೦೧೨ರಲ್ಲಿ ಪ್ರಕಟಿಸಿದ ವರದಿಯೊಂದರ ಪ್ರಕಾರ, ಆ ದೇಶಗಳಲ್ಲಿ ಹೊಸದಾಗಿ ಅಂಗವೈಕಲ್ಯ ವೇತನ ಕೇಳುವವರಲ್ಲಿ ಮೂರನೆಯ ಒಂದು ಪಾಲಿನಿಂದ ಅರ್ಧದಷ್ಟು ಜನರಿಗೆ ಕಾರಣ ಮಾನಸಿಕ ಅನಾರೋಗ್ಯವೇ. ಅಲ್ಲಿನ ಸರ್ಕಾರಗಳಿಗೆ ಅರ್ಜಿಗಳು ಏಕೆ ಹೆಚ್ಚುತ್ತಿವೆ ಎಂಬ ಚಿಂತೆ. ನಮ್ಮಲ್ಲಿ ಕೇಳಬೇಕಾದವರೇ ಕೇಳುತ್ತಿಲ್ಲವಲ್ಲ ಎಂಬ ಚಿಂತೆ. ಅಲ್ಲಿಯ ಮನಸ್ಸುಗಳು ಹೆಚ್ಚು ದುರ್ಬಲ, ನಮ್ಮವು ಹೆಚ್ಚು ಗಟ್ಟಿ ಎಂದು ಇದರ ಅರ್ಥವಲ್ಲ. ಅಲ್ಲಿ ಹೇಳಿಕೊಳ್ಳುತ್ತಾರೆ, ಇಲ್ಲಿ ಮುಚ್ಚಿಡುತ್ತೇವೆ.

ಮನಸ್ಸಿನ ಊನವನ್ನು ಅಳೆಯುವುದು ಹೇಗೆ?

ಕುರುಡು, ಕಿವುಡುಗಳನ್ನು ಉಪಕರಣಗಳಿಂದ ಅಳೆಯಬಹುದು. ಮನಸ್ಸನ್ನು ಅಳೆಯುವ ತಕ್ಕಡಿ ಯಾವುದು? ಭಾರತೀಯ ಮನೋವೈದ್ಯರ ಸಂಘ ಇದಕ್ಕಾಗಿ ಐಡಿಯಾಸ್ ಎಂಬ ಮಾನದಂಡವನ್ನು ರೂಪಿಸಿತು. ೨೦೦೨ರಲ್ಲಿ ಕೇಂದ್ರ ಸರ್ಕಾರ ಅದನ್ನು ಅಂಗೀಕರಿಸಿತು. ಅದು ನೋಡುವುದು ನಾಲ್ಕು ವಿಷಯಗಳನ್ನು. ಒಂದು, ಸ್ನಾನ, ಬಟ್ಟೆ, ಊಟ, ಔಷಧಗಳ ವಿಷಯದಲ್ಲಿ ತನ್ನನ್ನು ತಾನು ನೋಡಿಕೊಳ್ಳಬಲ್ಲನೇ? ಎರಡು, ಮನೆಯವರೊಡನೆ, ನೆರೆಯವರೊಡನೆ ಒಡನಾಡಬಲ್ಲನೇ? ಮೂರು, ಹೇಳಿದ್ದನ್ನು ತಿಳಿದು ತನ್ನ ಮಾತನ್ನು ತಿಳಿಸಬಲ್ಲನೇ? ನಾಲ್ಕು, ಹೊಲದ ಕೆಲಸವಾಗಲಿ, ಮನೆಗೆಲಸವಾಗಲಿ, ಓದಾಗಲಿ ಮಾಡಬಲ್ಲನೇ?

ಪ್ರತಿಯೊಂದಕ್ಕೂ ಸೊನ್ನೆಯಿಂದ ನಾಲ್ಕರವರೆಗೆ ಅಂಕ. ಕಾಯಿಲೆ ಎಷ್ಟು ವರ್ಷದಿಂದ ಇದೆಯೆಂಬುದಕ್ಕೆ ಮತ್ತೆ ನಾಲ್ಕರವರೆಗೆ ಅಂಕ. ಒಟ್ಟು ಇಪ್ಪತ್ತು. ಏಳು ಅಂಕ ದಾಟಿಸಿಕೊಂಡರೆ ಹೆಮ್ಮೆಪಡುವ ಪರೀಕ್ಷೆಯಲ್ಲ ಇದು. ಇಲ್ಲಿ ಅಂಕ ಹೆಚ್ಚಿದಷ್ಟೂ ಕಷ್ಟ ಹೆಚ್ಚು. ಏಳು ಅಥವಾ ಅದಕ್ಕಿಂತ ಹೆಚ್ಚು ಬಂದರೆ ವೈಕಲ್ಯ ನೂರಕ್ಕೆ ನಲವತ್ತನ್ನು ಮುಟ್ಟಿತೆಂದು ಲೆಕ್ಕ. ಸರ್ಕಾರದ ಸೌಲಭ್ಯಗಳಿಗೆ ಈ ನಲವತ್ತೇ ಹೊಸಿಲು.

ಈ ಪ್ರಶ್ನೆಗಳಿಗೆ ಉತ್ತರ ಕೊಡುವವರು ಬಹುಪಾಲು ಜೊತೆಗೆ ಹೋದ ಮನೆಯವರು. ಇಲ್ಲಿಯೇ ನಮ್ಮ ಗೃಹಿಣಿಯರು ಎಡವುತ್ತಾರೆ. ವೈದ್ಯರ ಮುಂದೆ ಮಗನ ಮಾನ ಹೋಗಬಾರದೆಂದು, "ಸ್ನಾನ ಮಾಡುತ್ತಾನೆ, ಕೆಲಸ ಮಾಡುತ್ತಾನೆ" ಎಂದು ಹೇಳಿಬಿಡುತ್ತಾರೆ. ತಾಯಿ ಬಿಸಿನೀರು ತೋಡಿ, ಕೈಹಿಡಿದು ಕರೆದೊಯ್ದು, ಗದರಿಸಿ ಮಾಡಿಸಿದ ಸ್ನಾನ ಅವನು ಮಾಡಿದ ಸ್ನಾನವಲ್ಲ. ಇದ್ದುದನ್ನು ಇದ್ದಂತೆ ಹೇಳಬೇಕು. ಹೆಚ್ಚಿಸಿ ಹೇಳುವುದು ತಪ್ಪು, ಕಡಿಮೆ ಮಾಡಿ ಹೇಳುವುದೂ ತಪ್ಪು.

ಅರ್ಜಿಯ ದಾರಿ

ಮೊದಲು ಚಿಕಿತ್ಸೆ, ಆಮೇಲೆ ಪ್ರಮಾಣಪತ್ರ, ಕೊನೆಗೆ ಮಾಸಾಶನ. ಈ ಅನುಕ್ರಮವನ್ನು ತಲೆಕೆಳಗು ಮಾಡಿದರೆ ಅಲೆದಾಟ ತಪ್ಪದು. ರೋಗಿಯನ್ನು ತೋರಿಸಿದ ಆಸ್ಪತ್ರೆಯ ಚೀಟಿಗಳನ್ನೆಲ್ಲ ತಾರೀಖಿನ ಕ್ರಮದಲ್ಲಿ ಜೋಡಿಸಿ ಇಟ್ಟುಕೊಳ್ಳಬೇಕು. ಕಾಯಿಲೆಯ ಅವಧಿಗೆ ಅವೇ ಸಾಕ್ಷಿ. ವಿಶಿಷ್ಟ ಗುರುತಿನ ಚೀಟಿಗಾಗಿ ಗಣಕಯಂತ್ರದ ಮೂಲಕ ಅರ್ಜಿ ದಾಖಲಿಸಿ, ಗೊತ್ತುಪಡಿಸಿದ ಸರ್ಕಾರಿ ಆಸ್ಪತ್ರೆಯಲ್ಲಿ ಮನೋವೈದ್ಯರಿಂದ ತಪಾಸಣೆ ಮಾಡಿಸಿಕೊಳ್ಳಬೇಕು. ಅನಂತರ ಆ ಪ್ರಮಾಣಪತ್ರ, ಆಧಾರ್, ಪಡಿತರ ಚೀಟಿ, ಆದಾಯ ಪ್ರಮಾಣಪತ್ರ, ಬ್ಯಾಂಕಿನ ಅಥವಾ ಅಂಚೆ ಕಚೇರಿಯ ಪಾಸ್‌ಪುಸ್ತಕಗಳೊಡನೆ ಹೋಬಳಿಯ ನಾಡಕಚೇರಿಯಲ್ಲಿ ಅರ್ಜಿ ಸಲ್ಲಿಸಬೇಕು. ಕುಟುಂಬದ ಆದಾಯಕ್ಕೆ ಮಿತಿಯಿದೆ. ಮಾಸಾಶನದ ಮೊತ್ತವನ್ನು ವೈಕಲ್ಯದ ಪ್ರಮಾಣವನ್ನು ನೋಡಿ ನಿಗದಿ ಮಾಡುತ್ತಾರೆ. ಮಿತಿಯೂ ಮೊತ್ತವೂ ಆಗಾಗ ಬದಲಾಗುವುದರಿಂದ ಅರ್ಜಿಯ ದಿನವೇ ಕೇಳಿ ತಿಳಿಯುವುದು ಲೇಸು. ಕೇಂದ್ರ ಸರ್ಕಾರವು ೨೦೦೯ರಲ್ಲಿ ಆರಂಭಿಸಿದ ಇಂದಿರಾಗಾಂಧಿ ಹೆಸರಿನ ಮಾಸಾಶನ ಬಡತನದ ರೇಖೆಗಿಂತ ಕೆಳಗಿರುವವರಲ್ಲಿ ನೂರಕ್ಕೆ ಎಂಬತ್ತರಷ್ಟು ವೈಕಲ್ಯವಿದ್ದವರಿಗೆ ಮಾತ್ರ. ರಾಜ್ಯದ ಮಾಸಾಶನಕ್ಕೆ ಅಷ್ಟು ಬೇಕಾಗಿಲ್ಲ.

ಗ್ರಾಮ ಪಂಚಾಯಿತಿಗಳಲ್ಲಿ ಗ್ರಾಮೀಣ ಪುನರ್ವಸತಿ ಕಾರ್ಯಕರ್ತರೂ, ತಾಲ್ಲೂಕು ಮಟ್ಟದಲ್ಲಿ ವಿವಿಧೋದ್ದೇಶ ಪುನರ್ವಸತಿ ಕಾರ್ಯಕರ್ತರೂ ಇದ್ದಾರೆ. ಅವರಲ್ಲಿ ಬಹುಮಂದಿ ಸ್ವತಃ ವಿಕಲಚೇತನರು. ಅರ್ಜಿ ತುಂಬಿಸುವುದು, ಆಸ್ಪತ್ರೆಯ ದಾರಿ ತೋರಿಸುವುದು ಅವರ ಕೆಲಸ. ಕೇಳಲು ಸಂಕೋಚ ಬೇಡ. ವೈದ್ಯರು ಕೊಟ್ಟ ಪ್ರಮಾಣ ಸರಿಯಿಲ್ಲವೆಂದು ತೋರಿದರೆ ಮೇಲ್ಮನವಿ ಸಲ್ಲಿಸುವ ಹಕ್ಕನ್ನೂ ೨೦೧೬ರ ಅಧಿನಿಯಮ ಕೊಟ್ಟಿದೆ.

ನಾವು ಹೇಳಿದ ಆ ತಾಯಿಗೆ ದಾರಿ ತೋರಿದವರೂ ಇಂತಹ ಒಬ್ಬ ಕಾರ್ಯಕರ್ತೆಯೇ. ಚಿಕಿತ್ಸೆ ಆರಂಭವಾಯಿತು, ಪ್ರಮಾಣಪತ್ರ ದೊರೆಯಿತು, ಹಣವೂ ಬರತೊಡಗಿತು. ಕೆಲವು ವರ್ಷಗಳ ನಂತರ ಹಠಾತ್ತಾಗಿ ನಿಂತುಹೋಯಿತು. ವಿಚಾರಿಸಿದಾಗ ತಿಳಿದದ್ದು ಇಷ್ಟೇ: ಪ್ರಮಾಣಪತ್ರ ತಾತ್ಕಾಲಿಕವಾದದ್ದು, ಅವಧಿ ಮುಗಿದಿತ್ತು, ಮನೆಯಲ್ಲಿ ಯಾರೂ ತಾರೀಖನ್ನು ನೋಡಿರಲಿಲ್ಲ. ಮನೋರೋಗ ಏರಿಳಿಯುವ ಸ್ವಭಾವದ್ದಾದ್ದರಿಂದ ಮರುತಪಾಸಣೆಗೆ ಅವಧಿ ಗೊತ್ತುಮಾಡಿ ಪತ್ರ ಕೊಡುವುದುಂಟು. ಆ ತಾರೀಖನ್ನು ಗೋಡೆಯ ಪಂಚಾಂಗದಲ್ಲಿ ಗುರುತು ಹಾಕಿಟ್ಟರೆ ಐದಾರು ತಿಂಗಳ ತೊಂದರೆ ತಪ್ಪುತ್ತದೆ.

ಮಾಸಾಶನವೇ ಗುರಿಯಲ್ಲ

ಹಣ ದೊರೆತೊಡನೆ ಚಿಕಿತ್ಸೆ ಬಿಡುವವರಿದ್ದಾರೆ. ವಾಸಿಯಾದರೆ ಹಣ ನಿಲ್ಲುವುದೆಂಬ ಭಯ ಕೆಲವರಿಗೆ. ಇದು ದೊಡ್ಡ ತಪ್ಪು. ಈ ಮಾತಿಗೆ ನಮ್ಮ ನಾಡಿನ ಹಳ್ಳಿಗಳೇ ಸಾಕ್ಷಿ ಹೇಳಿವೆ. ಶಿವಮೊಗ್ಗ ಜಿಲ್ಲೆಯ ತೀರ್ಥಹಳ್ಳಿ ತಾಲ್ಲೂಕಿನಲ್ಲಿ ೨೦೦೫ರಿಂದ ನಿಮ್ಹಾನ್ಸ್ ವೈದ್ಯರು ಹಳ್ಳಿಹಳ್ಳಿ ಸುತ್ತಿ ಸ್ಕಿಜೋಫ್ರೇನಿಯಾ ರೋಗಿಗಳನ್ನು ಗುರುತಿಸಿ, ಊರಲ್ಲಿಯೇ ಚಿಕಿತ್ಸೆ ಕೊಟ್ಟು, ಅವರ ವೈಕಲ್ಯವನ್ನು ಅಳೆದು ನೋಡಿದರು. ಔಷಧ ತೆಗೆದುಕೊಳ್ಳುತ್ತಿದ್ದವರಲ್ಲಿ ವೈಕಲ್ಯ ಕಡಿಮೆ, ಔಷಧವಿಲ್ಲದವರಲ್ಲಿ ಹೆಚ್ಚು ಎಂಬುದು ಸ್ಪಷ್ಟವಾಗಿ ಕಂಡಿತು. ಅಂತಹುದೇ ಕೆಲಸ ಮುಂದೆ ನಮ್ಮ ಅರಸೀಕೆರೆಗೆ ದೂರವಲ್ಲದ ತುರುವೇಕೆರೆ ತಾಲ್ಲೂಕಿನಲ್ಲಿಯೂ ನಡೆಯಿತು.

ಹಳ್ಳಿಯಲ್ಲಿ ಮನೋರೋಗಕ್ಕೆ ಚಿಕಿತ್ಸೆ ಸಾಧ್ಯವೆಂಬುದನ್ನು ದೇಶಕ್ಕೆ ತೋರಿಸಿದ್ದರಲ್ಲಿ ಕರ್ನಾಟಕದ ಪಾಲು ದೊಡ್ಡದು. ಎಪ್ಪತ್ತರ ದಶಕದಲ್ಲಿ ಬೆಂಗಳೂರಿನ ಬಳಿಯ ಸಕಲವಾರದಲ್ಲಿಯೂ, ೧೯೮೫ರಿಂದ ಬಳ್ಳಾರಿ ಜಿಲ್ಲೆಯಲ್ಲಿಯೂ ಸಾಮಾನ್ಯ ವೈದ್ಯರಿಗೆ, ಆರೋಗ್ಯ ಕಾರ್ಯಕರ್ತರಿಗೆ ತರಬೇತಿ ಕೊಟ್ಟು ನಡೆಸಿದ ಪ್ರಯೋಗವೇ ೧೯೯೬ರಲ್ಲಿ ಆರಂಭವಾದ ಜಿಲ್ಲಾ ಮಾನಸಿಕ ಆರೋಗ್ಯ ಕಾರ್ಯಕ್ರಮಕ್ಕೆ ಮಾದರಿಯಾಯಿತು. ತಾಲ್ಲೂಕು ಆಸ್ಪತ್ರೆಗಳಲ್ಲಿ ಮಂಗಳವಾರಗಳಂದು ಮನೋವೈದ್ಯರು ದೊರೆಯಬೇಕೆಂಬ ಉದ್ದೇಶದಿಂದ ರಾಜ್ಯ ಸರ್ಕಾರ ೨೦೧೪ರಲ್ಲಿ ಮನೋಚೈತನ್ಯ ಎಂಬ ಕಾರ್ಯಕ್ರಮವನ್ನು ತಂದಿತು. ೨೦೨೨ರ ಅಕ್ಟೋಬರ್ ೧೦ರಂದು ಆರಂಭವಾದ ಟೆಲಿ ಮಾನಸ್ ದೂರವಾಣಿ ಸೇವೆಯ ಸಂಖ್ಯೆ ೧೪೪೧೬. ಕನ್ನಡದಲ್ಲಿಯೇ ಮಾತನಾಡಬಹುದು, ಹೆಸರು ಹೇಳಬೇಕೆಂಬ ಒತ್ತಾಯವಿಲ್ಲ, ಹಣ ಬೇಕಿಲ್ಲ. ರಾತ್ರಿಯಲ್ಲಿ ದಿಕ್ಕುತೋಚದೆ ಕುಳಿತ ಮನೆಗೆ ಇದೊಂದು ಆಸರೆ.

ನೌಕರರ ಮನೆಗಳು ತಿಳಿಯಬೇಕಾದದ್ದು

ಅರಸೀಕೆರೆ ರೈಲ್ವೆ ಜಂಕ್ಷನ್ ಆದ್ದರಿಂದ ಈ ಭಾಗದಲ್ಲಿ ರೈಲ್ವೆ ನೌಕರರ ಮನೆಗಳಿವೆ. ಶಿಕ್ಷಕರ, ಪೊಲೀಸರ ಮನೆಗಳಂತೂ ಎಲ್ಲ ಕಡೆ ಇವೆ. ನೌಕರಿಯಲ್ಲಿರುವಾಗ ಮನೋರೋಗ ಬಂದವರು ಮನೆಯವರ ಒತ್ತಾಯಕ್ಕೆ ರಾಜೀನಾಮೆ ಕೊಟ್ಟ ಉದಾಹರಣೆಗಳನ್ನು ನಾವು ಕೇಳಿದ್ದೇವೆ. ಅವಸರಪಡಬಾರದು. ಸೇವೆಯಲ್ಲಿರುವಾಗ ವೈಕಲ್ಯ ಉಂಟಾದ ನೌಕರನನ್ನು ಸರ್ಕಾರಿ ಸಂಸ್ಥೆ ಕೆಲಸದಿಂದ ತೆಗೆಯುವಂತಿಲ್ಲ, ದರ್ಜೆ ಇಳಿಸುವಂತಿಲ್ಲ, ಅದೇ ಸಂಬಳದ ಬೇರೆ ಕೆಲಸ ಕೊಡಬೇಕು ಎಂದು ೨೦೧೬ರ ಅಧಿನಿಯಮದ ೨೦ನೆಯ ಕಲಮು ಹೇಳುತ್ತದೆ. ಕೇಂದ್ರ ಮೀಸಲು ಪೊಲೀಸ್ ಪಡೆಯ ಅಧಿಕಾರಿಯೊಬ್ಬರ ಮೊಕದ್ದಮೆಯಲ್ಲಿ ಸರ್ವೋಚ್ಚ ನ್ಯಾಯಾಲಯ ೨೦೨೧ರ ಡಿಸೆಂಬರಿನಲ್ಲಿ ತೀರ್ಪು ಕೊಡುತ್ತ, ಮಾನಸಿಕ ವೈಕಲ್ಯದಿಂದ ಉಂಟಾದ ನಡತೆಗಾಗಿ ಅಂತಹವರ ಮೇಲೆ ಶಿಸ್ತುಕ್ರಮ ಹೂಡುವುದು ತಾರತಮ್ಯದ ಒಂದು ಮುಖವೆಂದು ಎತ್ತಿಹಿಡಿಯಿತು.

"ನನ್ನ ನಂತರ ಇವನಿಗಾರು?" ಎಂಬ ಪ್ರಶ್ನೆಗೂ ಕೆಲವು ಮನೆಗಳಲ್ಲಿ ಉತ್ತರವಿದೆ. ಕೇಂದ್ರ ಸರ್ಕಾರದ ಮತ್ತು ರೈಲ್ವೆಯ ಪಿಂಚಣಿ ನಿಯಮಗಳಂತೆ, ಮನೋವೈಕಲ್ಯದಿಂದ ಸ್ವಂತ ಸಂಪಾದನೆ ಸಾಧ್ಯವಿಲ್ಲದ ಮಗ ಅಥವಾ ಮಗಳಿಗೆ, ಇಪ್ಪತ್ತೈದು ವರ್ಷ ದಾಟಿದ ಮೇಲೂ ಕುಟುಂಬ ಪಿಂಚಣಿ ಜೀವಮಾನವಿಡೀ ಸಲ್ಲುತ್ತದೆ. ತಂದೆತಾಯಿ ಬದುಕಿರುವಾಗಲೇ ಮಗುವಿನ ಹೆಸರನ್ನೂ ವೈಕಲ್ಯದ ವಿವರವನ್ನೂ ಇಲಾಖೆಗೆ ತಿಳಿಸಿ ದಾಖಲು ಮಾಡಿಸಿಡಬೇಕು. ಮಾನಕ್ಕೆ ಅಂಜಿ ಬರೆಸದೆ ಹೋದರೆ, ಅಂಜಿದವರು ಹೋದಮೇಲೆ ಅನುಭವಿಸುವವನು ಆ ಮಗನೇ.

ಕಾಯಕವೂ ದಾಸೋಹವೂ

ಕಾಯಕಕ್ಕೆ ಎತ್ತರದ ಸ್ಥಾನ ಕೊಟ್ಟ ಪರಂಪರೆ ನಮ್ಮದು. ಆದುದರಿಂದಲೇ ದುಡಿಯದೆ ಕುಳಿತ ಮಗನನ್ನು ಸೋಮಾರಿಯೆಂದು ಜರೆಯುವುದು ನಮ್ಮ ಮನೆಗಳಲ್ಲಿ ಸುಲಭ. ಕಾಲು ಮುರಿದವನಿಗೆ ಉಳಲು ಹೇಳದ ನಾವು, ಮನಸ್ಸು ಮುರಿದವನಿಗೆ ಏಳು, ದುಡಿ ಎಂದು ಗದರಿಸುತ್ತೇವೆ. ಶರಣರು ಕಾಯಕದ ಜೊತೆಯಲ್ಲಿಯೇ ದಾಸೋಹವನ್ನೂ ಇರಿಸಿದರು. ದುಡಿಯಬಲ್ಲವನ ದುಡಿಮೆಯಲ್ಲಿ ದುಡಿಯಲಾರದವನಿಗೂ ಪಾಲಿದೆ. ಸರ್ಕಾರದ ಮಾಸಾಶನ ಭಿಕ್ಷೆಯಲ್ಲ, ಸಮಾಜ ತನ್ನ ದುಡಿಮೆಯಿಂದ ತೆಗೆದಿಟ್ಟ ಪಾಲು. ಅದನ್ನು ಪಡೆಯುವುದರಲ್ಲಿ ಕೀಳೇನೂ ಇಲ್ಲ.

ಹಾಗೆಯೇ ರೋಗಿಯನ್ನು ಕಟ್ಟಿಹಾಕುವುದು, ಕತ್ತಲೆಕೋಣೆಯಲ್ಲಿ ಕೂಡುವುದು ಎಂದಿಗೂ ಸಲ್ಲದು. ತಮಿಳುನಾಡಿನ ಏರ್ವಾಡಿಯಲ್ಲಿ ೨೦೦೧ರ ಆಗಸ್ಟ್ ೬ರಂದು ಖಾಸಗಿ ಆಶ್ರಯಮನೆಯೊಂದಕ್ಕೆ ಬೆಂಕಿ ಬಿದ್ದಾಗ, ಸರಪಳಿಯಲ್ಲಿ ಬಂಧಿತರಾಗಿದ್ದ ಇಪ್ಪತ್ತಕ್ಕೂ ಹೆಚ್ಚು ಮನೋರೋಗಿಗಳು ಓಡಲಾರದೆ ಬೆಂದುಹೋದರು. ೨೦೧೭ರ ಮಾನಸಿಕ ಆರೋಗ್ಯ ಆರೈಕೆ ಅಧಿನಿಯಮ ಸರಪಳಿಯನ್ನು ಯಾವ ರೂಪದಲ್ಲಿಯೂ ನಿಷೇಧಿಸಿದೆ. ಪೂಜೆ, ಹರಕೆಗಳಿಂದ ಮನೆಯವರಿಗೆ ಧೈರ್ಯ ಬರುವುದಾದರೆ ಬರಲಿ. ಔಷಧ ಮಾತ್ರ ನಿಲ್ಲಬಾರದು.

ಕೊನೆಯದಾಗಿ ನೆರೆಹೊರೆಯವರಿಗೆ ಒಂದು ಮಾತು. ಸಂಬಂಧ ಕೇಳಲು ಹೋದ ಮನೆಯಲ್ಲಿ ಒಬ್ಬರಿಗೆ ಮನೋರೋಗವಿದೆಯೆಂದು ತಿಳಿದರೆ ಆ ಮನೆಯನ್ನೇ ದೂರವಿಡಬೇಡಿ. ನಾವು ದೂರವಿಡುತ್ತೇವೆಂಬ ಭಯದಿಂದಲೇ ಅವರು ಬಚ್ಚಿಡುತ್ತಾರೆ. ಬಚ್ಚಿಟ್ಟ ಕಾಯಿಲೆ ಬಲಿಯುತ್ತದೆ.

ಕಳೆದ ಬಾರಿ ಬಾಣಾವರದ ಕಡೆ ಹೋದಾಗ ಆ ಮನೆಗೆ ಹೋಗಿದ್ದೆವು. ಹುಡುಗ, ಹುಡುಗನೇನು, ಈಗ ಕೂದಲು ನೆರೆಯುತ್ತಿರುವ ಗಂಡಸು, ಅಂಗಳದಲ್ಲಿ ತೆಂಗಿನಕಾಯಿ ಸುಲಿಯುತ್ತಿದ್ದ. ದಿನಕ್ಕೆ ಒಂದೆರಡು ಗಂಟೆ ಕುಳಿತುಕೊಳ್ಳುತ್ತಾನೆ, ಬೇಸರವಾದರೆ ಎದ್ದುಹೋಗುತ್ತಾನೆ ಎಂದರು ತಾಯಿ. ಪೂರ್ತಿ ವಾಸಿಯಾಗಿಲ್ಲ, ಆಗುವುದೆಂದು ಯಾರೂ ಮಾತು ಕೊಟ್ಟಿಲ್ಲ. ಮಾಸಾಶನದ ಹಣ ಬಸ್ಸಿನ ಖರ್ಚಿಗೂ ಹಾಲಿಗೂ ಆಗುತ್ತದೆ. ತಂಗಿ ತಿಂಗಳಿಗೊಮ್ಮೆ ಗಂಡನೊಡನೆ ಬಂದು ಅಣ್ಣನನ್ನು ಆಸ್ಪತ್ರೆಗೆ ಕರೆದೊಯ್ಯುತ್ತಾಳೆ. ಬೀಗರಿಂದ ಬಚ್ಚಿಟ್ಟಿದ್ದ ಆ ವಿಷಯವನ್ನು ತಿಳಿದು ಮೊದಲು ಜೊತೆಗೆ ನಿಂತವನು ಆ ಅಳಿಯನೇ. ಇದನ್ನು ಹೇಳುವಾಗ ತಾಯಿ ಸೆರಗಿನಲ್ಲಿ ಕಣ್ಣೊರೆಸಿಕೊಂಡರು. ಗೋಡೆಯ ಮೇಲಿನ ಪಂಚಾಂಗದಲ್ಲಿ ಒಂದು ತಾರೀಖಿಗೆ ಕೆಂಪು ಶಾಯಿಯ ಗುರುತಿತ್ತು.